ಬದನೆಕಾಯಿ ಬಣ್ಣದ ಕಾರಿನ ಬಾಗಿಲಲ್ಲಿ ಕಂಡ ಇನ್ನೊಂದು ಟಗರು

ಬೀರಪ್ಪ ದೇವರ ಹೆಸರಿನಲ್ಲಿ ಬಿಡಲ್ಪಟ್ಟು, ತೊಗರ್ಸಿ ಕಡೆಯ ನಮ್ಮೂರಿನ ಸಮಸ್ತ ಹಿತ್ತಿಲು, ಅಂಗಳ, ರಸ್ತೆಗಳ ಮೇಲೆ ಹುಟ್ಟುಹಕ್ಕು ಪಡೆದಿರುವ ಮಾನ್ಯ ಟಗರಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಎರಡು ಸುತ್ತಿನ ಕೊಂಬುಗಳಿಗೂ, ಆ ಕೊಂಬುಗಳ ಬುಡಕ್ಕೆ ಸೋಮವಾರ ಸೋಮವಾರ ಅರಿಸಿನ ಹಚ್ಚುವ ಊರಿನ ಕೈಗಳಿಗೂ ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದು ನನ್ನ ಕಾರಿನ ಎಡಬಾಗಿಲನ್ನು ನೋಡಿ ತಿಳಿದುಕೊಂಡಿದ್ದೇನೆ. ಈ ಪತ್ರವನ್ನು ತಮ್ಮ ಕೈಗೇ ಕೊಡಬೇಕೆಂದಿದ್ದೆ. ಆದರೆ ತಾವು ಕಾಗದವನ್ನು ಓದುವ ಮೊದಲೇ ತಿಂದುಬಿಡುವ ಅಭ್ಯಾಸದವರಾದ್ದರಿಂದ ಹಾಲಿನ ಡೇರಿಯ ಗೋಡೆಗೆ, ತಮ್ಮ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಅಂಟಿಸಿದ್ದೇನೆ. ಹಾಲು ಹಾಕಲು ಬರುವವರು ಓದಿ ತಮಗೆ ತಿಳಿಸಲಿ.

ನನ್ನ ಹೆಸರು ಮಹೇಶ್ವರಪ್ಪ. ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ತಮ್ಮನ್ನು ಕಂಡ ಕೂಡಲೇ ನಾನು ಓಡುವುದರಿಂದ ತಮಗೆ ನನ್ನ ಬೆನ್ನಿನ ಪರಿಚಯವಿದೆಯೇ ಹೊರತು ಮುಖದ ಪರಿಚಯ ಇರಲಾರದು. ಆದ್ದರಿಂದ ಈ ದೂರಿಗೆ ಕಾರಣವಾದ ಕಾರಿನ ಕತೆಯನ್ನು ಮೊದಲಿನಿಂದ ಹೇಳುವುದು ಅನಿವಾರ್ಯವಾಗಿದೆ. ಅಷ್ಟು ಹೊತ್ತು ದಯವಿಟ್ಟು ಯಾರನ್ನೂ ಗುದ್ದದೆ ನಿಂತಿರಬೇಕು.

ಮೂವತ್ತೆರಡು ವರ್ಷಗಳ ಹಿಂದೆ ಸೊರಬದಲ್ಲಿ ಶಕುಂತಲಮ್ಮನ ಜೊತೆ ನನ್ನ ಮದುವೆಯಾಯಿತು. ಹೆಣ್ಣನ್ನು ಬಸ್ಸಿನಲ್ಲಿ ಕರೆತರುವುದು ನನ್ನ ಘನತೆಗೆ ಕಡಿಮೆಯೆಂದು ಭಾವಿಸಿ, ಗಿರಣಿ ಯಜಮಾನರ ಮನೆಯಲ್ಲಿದ್ದ, ಅವರ ತಂದೆಯ ಕಾಲದ, ಕಪ್ಪೆಗಣ್ಣಿನ ದೀಪಗಳ ಹಳೆಯ ಕಾರನ್ನು ಬೇಡಿ ತಂದಿದ್ದೆ. ಬ್ರೇಕು ಸ್ವಲ್ಪ ನಿಧಾನಕ್ಕೆ ಹಿಡಿಯುತ್ತದೆ ಎಂದು ಡ್ರೈವರ್ ಎಚ್ಚರಿಸಿದಾಗ, "ಅದೇನ್ ಆಗಂಗಿಲ್ಲ ನಡಿಯೋ, ನಾ ಅದೀನಲ್ಲ" ಎಂದು ಹೊಸ ಹೆಂಡತಿಗೆ ಕೇಳಿಸುವ ಹಾಗೆ ಜಂಬ ಕೊಚ್ಚಿದವನು ನಾನೇ. ಹುಣಸೆಮರದ ಇಳಿಜಾರಿನಲ್ಲಿ ಕಾರು ನನ್ನ ಮಾತನ್ನಾಗಲಿ ಡ್ರೈವರನ ಕಾಲನ್ನಾಗಲಿ ಲೆಕ್ಕಿಸದೆ ರಸ್ತೆ ಬಿಟ್ಟು ಗದ್ದೆಗಿಳಿದು, ಒಂದು ಹುಲ್ಲಿನ ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಬಾಸಿಂಗದ ತುಂಬ ಹುಲ್ಲು ಸಿಕ್ಕಿಸಿಕೊಂಡು ಹೊರಬಂದ ಮದುಮಗಳು, ದಾರಿಯ ಜನವೆಲ್ಲ ಬಿದ್ದು ಬಿದ್ದು ನಗುತ್ತಿರುವಾಗ, ನನ್ನನ್ನು ಒಂದೇ ಒಂದು ಸಲ ನೋಡಿದಳು. ಅಲ್ಲಿಂದ ಮುಂದೆ ನಾವು ಟ್ರ್ಯಾಕ್ಟರಿನಲ್ಲಿ ಬಂದೆವು.

ಅಂದಿನಿಂದ ಇಂದಿನವರೆಗೆ ನಾನು ಗೊತ್ತುಮಾಡಿದ ಯಾವ ಗಾಡಿಯನ್ನೂ ಶಕುಂತಲಮ್ಮ ಹತ್ತಿದವಳಲ್ಲ. ಸೊರಬದ ಅಕ್ಕ ಲೋಕಮ್ಮನ ಮನೆಗೆ ಹೋಗುವಾಗಲೆಲ್ಲ ಬಸ್ಸು. ಬಸ್ಸಿನವರೆಗೆ ಚೀಲ ಹೊರುವುದು ಮಾತ್ರ ನನ್ನ ಪಾಲು. ಅವಳು ಆ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ, ಜಗಳವನ್ನಂತೂ ಆಡಿಯೇ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಊರಿನವರ ಗಿರಣಿ, ಪಂಪು, ಟಿಲ್ಲರುಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ ತನ್ನ ಹೆಂಡತಿಯ ಒಂದು ಹೆದರಿಕೆಯನ್ನು ರಿಪೇರಿ ಮಾಡಲಾರದೆ ಬಸ್ಸಿನ ಹಿಂದಿನ ಧೂಳು ಕುಡಿಯುತ್ತ ನಿಲ್ಲುವುದು ಎಂಥ ಸಂಕಟ ಎಂಬುದು, ಕೂಡುವುದು ಗುದ್ದುವುದು ಎರಡನ್ನೂ ನಿಂತ ನಿಲುವಿನಲ್ಲೇ ತೀರ್ಮಾನಿಸುವ ತಮಗೆ ಅರ್ಥವಾಗದಿದ್ದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ.

ನಿವೃತ್ತನಾದ ವರ್ಷ ಅದೇ ಕಾರಿನ ಅಸ್ಥಿಪಂಜರ ಯಜಮಾನರ ಕೊಟ್ಟಿಗೆಯಲ್ಲಿ ಸಿಕ್ಕಿತು. ಹಿಂದಿನ ಸೀಟಿನ ಜಾಗದಲ್ಲಿ ಎರಡು ಕೋಳಿ ಕಾವಿಗೆ ಕೂತಿದ್ದವು. ಕೋಳಿಗಳ ಸಂಸಾರ ಮುಗಿಯುವವರೆಗೆ ಕಾದು, ಕಾಗದಪತ್ರ ಸಮೇತ ಮನೆಗೆ ತಂದು, ನಾಲ್ಕು ವರ್ಷ ದುಡಿದೆ. ಬಾನೆಟ್ಟು ಮೊದಲಿನದೇ. ಬಾಗಿಲುಗಳನ್ನು ಎಣ್ಣೆ ಡ್ರಮ್ಮಿನ ತಗಡು ಬಡಿದು ಮಾಡಿದ್ದು, ಕಾಲಡಿಗೆ ಹಳೆಯ ಹೊನ್ನೆ ಹಲಗೆ, ಸೀಟುಗಳು ಗುಜರಿಗೆ ಬಂದ ಬಸ್ಸಿನವು. ಈ ನಾಲ್ಕು ವರ್ಷದಲ್ಲಿ ಶಕುಂತಲಮ್ಮ ಶೆಡ್ಡಿನ ಬಾಗಿಲಿಗೆ ಬಂದು ಹೇಳಿದ್ದು ಒಂದೇ ಮಾತು: "ಓಡೋದು ಯಾವ ಗಾಡಿನಾದ್ರೂ ಓಡ್ತದೆ ಕಣ್ರೀ. ನಿಲ್ಲೋದನ್ನ ತೋರ್ಸಿ, ಆಮೇಲೆ ಮಾತಾಡನ." ಲೋಕಮ್ಮ ಸೊರಬದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ದಿನ ಗೊತ್ತುಮಾಡಿದಾಗ, ಆವತ್ತು ಶಕುಂತಲಮ್ಮನನ್ನು ಇದೇ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಬಾಕಿ ಇದ್ದದ್ದು ಬಣ್ಣ ಮತ್ತು ಬ್ರೇಕು, ಹಾಗೂ ನನಗೆ ತಿಳಿಯದಂತೆ ತಾವು.

ಬಣ್ಣ ಹೊಡೆಯುವ ಮೊದಲು ದೇವರ ಟಗರಿನ ಒಪ್ಪಿಗೆ ಕೇಳಲೇಬೇಕೆಂದು ನಿಂಗಮ್ಮ ಪಟ್ಟು ಹಿಡಿದರು. ನಿಂಗಮ್ಮ ಎಂದರೆ ತಮ್ಮ ಹಟ್ಟಿಯ ಯಜಮಾನ ಮಾಳೇಶನ ತಾಯಿ, ತಮಗೆ ಬೆಲ್ಲ ತಿನ್ನಿಸುವವರು. ಪದ್ಧತಿಯ ಪ್ರಕಾರ ತಮ್ಮ ಬೆನ್ನಿಗೆ ತೀರ್ಥ ಹಾಕಿ ಕೈಮುಗಿದು ನಿಂತೆವು. ತಾವು ಮೈ ಜಾಡಿಸಿದರೆ ಅಪ್ಪಣೆಯಾಯಿತೆಂದು ಅರ್ಥ. ತಾವು ಜಾಡಿಸಲಿಲ್ಲ. ಇನ್ನೊಂದು ಚೊಂಬು ಹಾಕಿದೆವು. ತಾವು ಅದು ಇನ್ಯಾರದೋ ಬೆನ್ನು ಎಂಬಂತೆ ಮೆಲುಕು ಹಾಕುತ್ತ ನಿಂತಿರಿ. ಮೂರನೆಯ ಚೊಂಬಿಗೆ ತಾಳ್ಮೆಗೆಟ್ಟು, "ನೋಡಿದ್ರಾ, ತಲೆ ಅಲ್ಲಾಡಿಸ್ತು, ಅದೂ ಒಪ್ಪಿಗೇನೇ" ಎಂದು ನಾನೇ ಘೋಷಿಸಿ ಶೆಡ್ಡಿಗೆ ಬಂದುಬಿಟ್ಟೆ. ತಲೆ ಅಲ್ಲಾಡಿಸಿದ್ದು ನೊಣ ಓಡಿಸಲಿಕ್ಕೆ ಎಂಬುದು ನನಗೂ ಗೊತ್ತಿತ್ತು, ತಮಗೂ ಗೊತ್ತಿತ್ತು. ಈ ಪತ್ರದಲ್ಲಿ ನನ್ನ ತಪ್ಪೊಪ್ಪಿಗೆ ಇದ್ದರೆ ಅದು ಇದೊಂದೇ.

ತಗಡಿನ ತಗ್ಗು ಮುಚ್ಚಲು ಲಪ್ಪ ಹಚ್ಚಿ, ವಾಟರ್ ಪೇಪರಿನಲ್ಲಿ ಉಜ್ಜಿ ಉಜ್ಜಿ ಬೆರಳಿನ ಗೆರೆ ಸವೆಸಿಕೊಂಡು, ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಮೂರು ಸಲ ಬಣ್ಣ ಹೊಡೆದೆ. ಎಳೆ ಬದನೆಕಾಯಿಯ ಬಣ್ಣ. ಮೂರನೆಯ ಸಲ ಮುಗಿದಾಗ ಬಾಗಿಲಲ್ಲಿ ನನ್ನ ಮೀಸೆಯ ಬಿಳಿಗೂದಲು ಕೂಡ ಎಣಿಸಲು ಬರುತ್ತಿತ್ತು. ಟೀ ಕುಡಿಯಲು ಒಳಗೆ ಹೋದೆ. ಅಷ್ಟರಲ್ಲಿ ತಾವು ಶೆಡ್ಡಿಗೆ ಬಿಜಯಂಗೈದು, ಆ ಬಾಗಿಲೊಳಗೆ ತಮ್ಮಷ್ಟೇ ಎತ್ತರದ, ತಮ್ಮಷ್ಟೇ ಕೊಂಬಿನ, ತಮ್ಮಷ್ಟೇ ಸೊಕ್ಕಿನ ಮತ್ತೊಂದು ಟಗರು ನಿಂತಿರುವುದನ್ನು ಕಂಡಿರಿ. ಹತ್ತು ಹೆಜ್ಜೆ ಹಿಂದೆ ಸರಿದದ್ದಕ್ಕೆ ಹೆಜ್ಜೆ ಗುರುತಿನ ಸಾಕ್ಷಿಯಿದೆ. ಆಮೇಲಿನದಕ್ಕೆ ಬಾಗಿಲೇ ಸಾಕ್ಷಿ. ನಾನು ಓಡಿ ಬರುವ ಹೊತ್ತಿಗೆ ತಾವು ಗೆದ್ದ ಸಂತೋಷದಲ್ಲಿ ಹಸಿ ಬಣ್ಣಕ್ಕೆ ಪಕ್ಕೆ ಉಜ್ಜುತ್ತ ನಿಂತಿದ್ದಿರಿ, ಮತ್ತು ನನ್ನನ್ನು ಕಂಡ ಮೇಲೆ, ಮೂರು ಚೊಂಬು ನೀರಿಗೆ ಜಾಡಿಸದಿದ್ದ ಮೈಯನ್ನು, ಕೊಂಬಿನಿಂದ ಬಾಲದವರೆಗೆ ಜಾಡಿಸಿದಿರಿ. ನನ್ನ ಬಿಳಿ ಅಂಗಿಯ ಮೇಲೆ ಆ ಅಪ್ಪಣೆಯ ಹನಿಗಳು ಇವತ್ತಿಗೂ ಹೋಗಿಲ್ಲ.

ತಗಡಿನಲ್ಲಿ ಬೋಗುಣಿಯಷ್ಟು ಗುಳಿ, ಬಣ್ಣದಲ್ಲಿ ಒಂದು ಹಿಡಿ ಉಣ್ಣೆ. ಲೋಕದಲ್ಲಿ ಚಳಿಗಾಲಕ್ಕೆ ತಯಾರಾದ ಕಾರು ನನ್ನದೊಂದೇ ಇರಬೇಕು. ಮಾಳೇಶನನ್ನು ಕರೆದು ತೋರಿಸಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ನಗು ನಿಂತ ಮೇಲೆ, "ದೇವ್ರ ಟಗರು ಐತ್ರಿ ಅದು, ನಾ ಏನ್ ಹೇಳಂಗಿಲ್ರಿ. ಅದಕ್ಕ ತಿಳಿದಂಗ ಮಾಡತೈತಿ" ಎಂದ. ನಿಂಗಮ್ಮನಂತೂ ನಗಲೂ ಇಲ್ಲ. ಸಾಕ್ಷಾತ್ ಬೀರಪ್ಪನೇ ಮುಟ್ಟಿದ್ದಾನೆಂದು ಆ ಗುಳಿಗೆ ಅರಿಸಿನ ಕುಂಕುಮ ಹಚ್ಚಿ, ನಾನು ಬೇಡವೆನ್ನುವುದರೊಳಗೆ, ಶಿವಮೊಗ್ಗದಲ್ಲಿ ಹೊಸದಾಗಿ ಪಾಲಿಶ್ ಮಾಡಿಸಿ ತಂದಿದ್ದ ಬಂಪರಿನ ಮೇಲೆ ಒಂದು ತೆಂಗಿನಕಾಯಿ ಒಡೆದರು. ಕಾಯಿ ಚೆನ್ನಾಗಿತ್ತು.

ಗುಳಿಯನ್ನು ಆದಷ್ಟು ಎತ್ತಿ, ಉಣ್ಣೆ ಕಿತ್ತು, ಮತ್ತೆ ಬಣ್ಣ ಹೊಡೆದೆ. ಹೊಳಪು ಬಂತು, ಹೊಳಪಿನ ಹಿಂದೆಯೇ ತಾವೂ ಬಂದಿರಿ. ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ, ಗದರಿದರೂ ನಿಂಗಮ್ಮ ಕೆನ್ನೆ ಬಡಿದುಕೊಳ್ಳುತ್ತಾರೆ. ಕೊನೆಗೆ ನನ್ನ ಮೂವತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಒಂದು ಉಪಾಯ ಹೂಡಿದೆ: ಬಣ್ಣ ಪೂರ್ತಿ ಒಣಗಿದ ಮೇಲೆ, ಕಣ ಸಾರಿಸುವ ಹಾಗೆ, ಇಡೀ ಕಾರಿಗೆ ಸೆಗಣಿ ಬಗ್ಗಡ ಬಳಿದುಬಿಟ್ಟೆ. ತಾವು ಬಂದಿರಿ, ಮೂಸಿದಿರಿ, ಶತ್ರು ಊರು ಬಿಟ್ಟನೆಂದು ತಿಳಿದು ಹೊರಟುಹೋದಿರಿ. ಆದರೆ ಅದನ್ನು ನೋಡಿದ ಶಕುಂತಲಮ್ಮ ಶೆಡ್ಡಿನ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕಾರ್ ಮಾಡ್ತೀನಿ ಅಂದ್ರಿ, ಕಣ ಮಾಡಿ ಕೂರ್ಸಿದೀರಲ್ರೀ! ಭತ್ತ ತರ್ಲಾ, ಬಡಿಯಕೆ?" ಆ ಕಾರಿನ ವಿಷಯದಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಹೊಸಿಲು ದಾಟಿ ಒಳಗೂ ಬಂದಿದ್ದಳು. ಆ ಕ್ಷಣಕ್ಕೆ ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ, ತಮ್ಮಾಣೆಗೂ ಗೊತ್ತಿಲ್ಲ.

ಸಮಯ ನೋಡಿ ಕೇಳಿದೆ. ಬ್ರೇಕಿನ ಪೈಪಿನಲ್ಲಿ ಗಾಳಿ ಉಳಿದರೆ ಬ್ರೇಕು ಹಿಡಿಯುವುದಿಲ್ಲ. ಆ ಗಾಳಿ ತೆಗೆಯುವುದು ಒಬ್ಬರ ಕೆಲಸವಲ್ಲ, ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಬುಡದಲ್ಲಿ ಮಲಗಿ ತಿರುಪು ಸಡಿಲಿಸಬೇಕು. "ಗಾಡಿ ನಿಂತೇ ಇರ್ತದಲ್ಲ?" ಎಂದು ಮೂರು ಸಲ ಕೇಳಿ, ನಾಲ್ಕೂ ಗಾಲಿಗೆ ಕಲ್ಲು ಕೊಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಒತ್ತು, ಹಿಡಿ, ಬಿಡು ಎಂದು ನಾನು ಕೆಳಗಿನಿಂದ ಕೂಗುವುದು, ಅವಳು ಒತ್ತುವುದು. ನಾಲ್ಕನೆಯ ಗಾಲಿಗೆ ಬರುವ ಹೊತ್ತಿಗೆ ನಾನು ಕೂಗುವ ಮೊದಲೇ, "ಈಗ ಗಟ್ಟಿ ಆಯ್ತು ನೋಡಿ, ಕಾಲಿಗೆ ಗೊತ್ತಾಗ್ತದೆ" ಎಂದಳು. ಕಾರಿನಡಿ ಮಲಗಿದ್ದವನ ಕಣ್ಣಿಗೆ ಬಿದ್ದದ್ದು ಬ್ರೇಕ್ ಆಯಿಲ್ ಎಂದು ಹೇಳಿ ಕಣ್ಣೊರೆಸಿಕೊಂಡು ಎದ್ದು ಬಂದೆ.

ಗೃಹಪ್ರವೇಶದ ಬೆಳಿಗ್ಗೆ ಕಾರು ತೊಳೆದೆ. ಸೆಗಣಿಯಡಿಯಿಂದ ಹೊರಬಂದ ಬಣ್ಣ ಮೊದಲಿಗಿಂತ ಚೆನ್ನಾಗಿ ಹೊಳೆಯಿತು, ಇದಕ್ಕೆ ತಮಗೂ ಹಸುವಿಗೂ ಜಂಟಿಯಾಗಿ ಕೃತಜ್ಞತೆಗಳು. ಶಕುಂತಲಮ್ಮ ಎಂದಿನಂತೆ ಬಸ್ಸಿಗೆ ಹೋಗಲು ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದಳು. ನಾನು ಒಂದು ಸುತ್ತು ಹೋಗಿ ಬರುತ್ತೇನೆಂದು ಹೊರಟು, ಬೀರಪ್ಪನ ಗುಡಿಯಿಂದ ತಿರುಗಿಸಿಕೊಂಡು ಬರುವಾಗ, ಸರಿಯಾಗಿ ನಮ್ಮ ಗೇಟಿನ ಎದುರು, ರಸ್ತೆಯ ನಟ್ಟನಡುವೆ, ತಾವು. ಹಾರನ್ನಿಗೆ ತಾವು ಸರಿಯುವವರಲ್ಲ. ಎಡಕ್ಕೆ ಚರಂಡಿ, ಬಲಕ್ಕೆ ನನ್ನ ಹೆಂಡತಿ. ಇದ್ದಬದ್ದ ದೇವರನ್ನೆಲ್ಲ ನೆನೆದು ಪೆಡಲ್ ಒತ್ತಿದೆ. ಕಾರು ನಿಂತಿತು. ತಮ್ಮ ಮೂಗಿಗೂ ಬಂಪರಿಗೂ ನಡುವೆ ಒಂದು ಗೇಣು. ಬಂಪರಿನೊಳಗಿನ ಶತ್ರು ಎದುರು ಬಂದು ಹೆದರಿ ನಿಂತುಬಿಟ್ಟನೆಂದು ತಾವು ಭಾವಿಸಿರಬೇಕು. ಸೋತವನಿಗೆ ಇಷ್ಟು ಸಾಕು ಎನ್ನುವ ಹಾಗೆ ಒಂದೇ ಒಂದು ಸಲ ಟಣ್ಣನೆ ಗುದ್ದಿ, ಗಂಭೀರವಾಗಿ ಹೊರಟುಹೋದಿರಿ.

ನಾನು ಪೆಡಲ್ ಮೇಲಿನ ಕಾಲು ತೆಗೆಯದೆ ಕೂತೇ ಇದ್ದೆ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಚೀಲ ಮೊದಲು ಒಳಗೆ ಬಂತು, ಅದರ ಹಿಂದೆ ಶಕುಂತಲಮ್ಮ. "ಬಸ್ ತಪ್ಪೋಯ್ತು, ನಡೀರಿ" ಎಂದಳು. ಬಸ್ಸು ಬರಲು ಇನ್ನೂ ಕಾಲು ಗಂಟೆ ಇತ್ತು.

ಹುಣಸೆಮರದ ಇಳಿಜಾರಿಗೆ ಬಂದಾಗ ಕನ್ನಡಿಯಲ್ಲಿ ನೋಡಿದೆ; ಎರಡೂ ಕೈಯಲ್ಲಿ ಮುಂದಿನ ಸೀಟಿನ ಸರಳು ಹಿಡಿದುಕೊಂಡಿದ್ದಳು. ಇಳಿಜಾರಿನ ನಡುಮಧ್ಯೆ, "ನಿಲ್ಸಿ" ಎಂದಳು. ನಿಲ್ಲಿಸಿದೆ. ನಿಂತಿತು. ಇಳಿದು ರಸ್ತೆಯಂಚಿಗೆ ಹೋಗಿ, ಆವತ್ತು ಬಣವೆ ಇದ್ದ ಗದ್ದೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಈಗ ಅಲ್ಲಿ ಮೆಕ್ಕೆಜೋಳ ಹಾಕಿದ್ದಾರೆ. ಇಲ್ಲಿಂದ ನಡೆದೇ ಹೋಗುತ್ತಾಳೋ ಏನೋ ಎಂದು ನಾನು ಹಿಂದಿನ ಸೀಟಿನ ಚೀಲದ ಕಡೆ ಕೈ ಚಾಚಿದೆ. ಅವಳು ತಿರುಗಿ ಬಂದು ಹಿಂದಿನ ಬಾಗಿಲು ದಾಟಿ, ಮುಂದಿನ ಬಾಗಿಲು ತೆಗೆದು, ನನ್ನ ಪಕ್ಕದಲ್ಲಿ ಕೂತು, "ನಡೀರಿ, ಅಕ್ಕ ಕಾಯ್ತಿರ್ತಾಳೆ" ಎಂದಳು.

ಮಾನ್ಯರೇ, ನನ್ನ ಬೇಡಿಕೆಗಳು ಬಹಳವಿಲ್ಲ. ನನ್ನ ಕಾರಿನೊಳಗೆ ಯಾವ ಟಗರೂ ವಾಸವಾಗಿಲ್ಲವೆಂದು ತಾವು ಪಂಚರ ಎದುರು ಒಪ್ಪಿಕೊಂಡು ಗೊರಸಿನ ಒತ್ತು ಹಾಕಿಕೊಡಬೇಕು. ಜಿಲ್ಲೆಯ ಎಲ್ಲ ಗಾಡಿಗಳ ಬ್ರೇಕು ಪರೀಕ್ಷಿಸುವ ಹುದ್ದೆಗೆ ತಮ್ಮನ್ನು ನೇಮಿಸಬೇಕೆಂದು ನಾನೇ ಸರ್ಕಾರಕ್ಕೆ ಬರೆಯುವವನಿದ್ದೇನೆ. ತಮ್ಮಷ್ಟು ನಿರ್ಭೀತರು ಆ ಇಲಾಖೆಗೆ ಮತ್ತೆ ಸಿಗಲಾರರು, ದಯವಿಟ್ಟು ಒಲ್ಲೆ ಎನ್ನಬಾರದು. ಇನ್ನು ಎಡಬಾಗಿಲಲ್ಲಿ ಉಳಿದಿರುವ ಗುಳಿ. ಅದನ್ನು ಪೂರ್ತಿ ತೆಗೆಯಲು ಮೊನ್ನೆ ಸುತ್ತಿಗೆ ಹಿಡಿದಾಗ ಶಕುಂತಲಮ್ಮ ಕೈ ಹಿಡಿದುಕೊಂಡು, "ಇರ್ಲಿ ಬಿಡಿ, ಅಲ್ಲಿ ಕೈ ಇಟ್ಟು ಹತ್ತಕೆ ಸಲೀಸಾಗ್ತದೆ" ಎಂದಳು. ಆದ್ದರಿಂದ ಆ ಒಂದು ದೂರನ್ನು ಮಾತ್ರ ಈ ಮೂಲಕ ವಾಪಸು ಪಡೆಯುತ್ತಿದ್ದೇನೆ. ಬರುವ ಭಾನುವಾರ ಗುಡವಿಗೆ ಹಕ್ಕಿ ನೋಡಲು ಹೋಗಬೇಕೆಂದು ಅವಳ ಅಪ್ಪಣೆಯಾಗಿದೆ. ಅಂದು ಬೆಳಿಗ್ಗೆ ತಾವು ರಸ್ತೆಯಲ್ಲಿ ನಿಲ್ಲುವುದಾದರೆ ಕೊಂಚ ಅಂಚಿಗೆ ನಿಲ್ಲಬೇಕಾಗಿ ಪ್ರಾರ್ಥನೆ.

ತಮ್ಮ ಕೊಂಬಿಗೆ ಒಂದು ಗೇಣು ದೂರದಲ್ಲಿರುವ,
ತಮ್ಮ ವಿಶ್ವಾಸಿ,
ಮಹೇಶ್ವರಪ್ಪ
ನಿವೃತ್ತ ಫಿಟ್ಟರ್

ತಾ.ಕ.: ನನ್ನ ಬಾಗಿಲು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಮಾಳೇಶ ನಿನ್ನೆ ಸಂಜೆ ಶಿಕಾರಿಪುರದಿಂದ ಹೊಸ ಬೈಕು ತಂದು ತಮ್ಮ ಹಟ್ಟಿಯ ಎದುರೇ ನಿಲ್ಲಿಸಿದ್ದಾನೆ. ಬಣ್ಣ ಕಪ್ಪು, ಹೊಳಪಿನಲ್ಲಿ ನನ್ನ ಕಾರನ್ನು ಮೀರಿಸುತ್ತದೆ. ಅದರ ಟ್ಯಾಂಕಿನೊಳಗೆ ಯಾರಿದ್ದಾರೆಂದು ನಾನು ನೋಡಿಲ್ಲ, ತಮಗೆ ಏನನ್ನೂ ಹೇಳಿಯೂ ಇಲ್ಲ. ತಮಗೆ ತಿಳಿದಂತೆ ಮಾಡಬೇಕು.