ಏಸಿ ಹಿಂದಿನ ಬಾಣಂತಿ

ಮನೆಯಲ್ಲಿ ಒಬ್ಬರು ಕೆಮ್ಮತೊಡಗಿದರೆ ಉಳಿದವರು ಔಷಧಿಗಿಂತ ಮೊದಲು ಅಪರಾಧಿಯನ್ನು ಹುಡುಕಲು ಹೊರಡುತ್ತಾರೆ. ಈ ಬೇಸಿಗೆಯಲ್ಲಿ ನಮ್ಮ ಐರೋಲಿಯ ಫ್ಲ್ಯಾಟಿನಲ್ಲಿ ಕೆಮ್ಮಿದವರು ನನ್ನ ಅತ್ತೆ. ಅವರ ಪ್ರಕಾರ ಅಪರಾಧಿ, ತಮ್ಮ ಕೋಣೆಯ ಕಿಟಕಿಯಲ್ಲಿ ಗೊರಗುಟ್ಟುತ್ತಾ ಕೂತಿದ್ದ ಹಳೆಯ ಏಸಿ. ನನ್ನ ಪ್ರಕಾರ, ಅತ್ತೆ ನನಗೆ ಕಾಣದ ಹಾಗೆ ತಿನ್ನುತ್ತಿದ್ದ ಐಸ್‌ಕ್ರೀಮು. ನಮ್ಮಿಬ್ಬರ ನಡುವೆ ಬಾಯಿ ಹಾಕುವ ಧೈರ್ಯವಿಲ್ಲದ ನನ್ನ ಗಂಡ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಯಿಂದ ಬೀಸುವ ಉಪ್ಪುಗಾಳಿಯ ಮೇಲೆ ತಪ್ಪು ಹೊರಿಸಿ ಪೇಪರಿನ ಹಿಂದೆ ಅಡಗಿಕೊಂಡರು.

ಆ ಕೋಣೆಯಲ್ಲಿ ಅತ್ತೆಯ ಜೊತೆ ಮಲಗುವವಳು ಕಾಲೇಜಿಗೆ ಹೋಗುವ ನನ್ನ ಮಗಳು ಪೂರ್ವಿ. ಅಜ್ಜಿ ಏಸಿ ಆರಿಸುವುದು, ಮೊಮ್ಮಗಳು ಹಾಕುವುದು, ಇದು ದಿನದ ಕುಸ್ತಿ. "ದಾದೀ, ಗರ್ಮೀ ಸೇ ಮರ್ ಜಾಊಂಗೀ!" ಎಂದು ಇವಳು. "ನಾನು ಚಳಿಗೆ ಸಾಯ್ತೇನೆ, ನೀನು ಸೆಖೆಗೆ ಸಾಯಿ. ನಿನ್ನ ಅಮ್ಮನಿಗೆ ಆರಾಮ" ಎಂದು ಅವರು. ನಾನು ಏಸಿಯ ಧೂಳು ತಡೆಯುವ ಜಾಲರಿಯನ್ನು ತೆಗೆದು, ತಿಕ್ಕಿ ತೊಳೆದು, ಒಣಗಿಸಿ ಹಾಕಿದೆ. ಕೆಮ್ಮು ನಿಲ್ಲಲಿಲ್ಲ. ನನಗೆ ಒಳಗೊಳಗೇ ಖುಷಿ. ಐಸ್‌ಕ್ರೀಮೇ ಕಾರಣ ಎಂದು ರುಜುವಾಯಿತಲ್ಲ!

ಒಂದು ಭಾನುವಾರ ಮಧ್ಯಾಹ್ನ ಆ ಖುಷಿ ಇಳಿದುಹೋಯಿತು. ಒಣಗಿದ ಬಟ್ಟೆ ಮಡಚಿಟ್ಟು ಕೋಣೆಯಿಂದ ಹೊರಬಂದ ಅತ್ತೆ ಬಾಗಿಲಲ್ಲೇ ಕುಸಿದು ಕೂತರು. ಏನೋ ಹೇಳಲು ಬಾಯಿ ತೆರೆದರೆ ಅರ್ಧ ಶಬ್ದಕ್ಕೇ ಉಸಿರು ಮುಗಿಯುತ್ತಿತ್ತು. ಕುತ್ತಿಗೆಯ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಗೆ ಎಳೆದುಕೊಳ್ಳುತ್ತಿತ್ತು. ಗಂಡ ಚಪ್ಪಲಿಯನ್ನೂ ಮರೆತು ರಿಕ್ಷಾ ತರಲು ಓಡಿದರು. ದಾರಿಯುದ್ದಕ್ಕೂ ಅತ್ತೆ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಮಾಂಸಕ್ಕೆ ಒತ್ತುತ್ತಿತ್ತು. ಕೈ ಸಡಿಲವಾದರೆ ಏನು ಗತಿ ಎಂಬ ಹೆದರಿಕೆಗೆ, ಒತ್ತಲಿ, ಇನ್ನೂ ಒತ್ತಲಿ ಎಂದುಕೊಂಡೆ. ಸಿಗ್ನಲಿನಲ್ಲಿ ರಿಕ್ಷಾ ನಿಂತಾಗ, ಇನ್ನು ಮೇಲೆ ಐಸ್‌ಕ್ರೀಮು ನಾನೇ ತಂದುಕೊಡುತ್ತೇನೆ ದೇವರೇ, ಎಂದು ಹರಕೆಯಂಥದ್ದೇನೋ ಹೊತ್ತೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು, ಎದೆಯ ಚಿತ್ರಗಳನ್ನು ತೆಗೆದರು. ಡಾಕ್ಟರು ಚಿತ್ರವನ್ನು ನೋಡಿ, ಅತ್ತೆಯನ್ನು ನೋಡಿ, "ಘರೀ ಕಬೂತರ್ ಆಹೇತ್ ಕಾ?" ಎಂದರು. ಮನೆಯಲ್ಲಿ ಪಾರಿವಾಳಗಳಿವೆಯೇ? ನಾನೂ ಗಂಡನೂ ಒಟ್ಟಿಗೇ ಇಲ್ಲವೆಂದು ತಲೆಯಾಡಿಸಿದೆವು. ಅತ್ತೆ ಮಾಸ್ಕನ್ನು ಮೆಲ್ಲನೆ ಸರಿಸಿದರು.

"ಒಂದು ಉಂಟು. ಬಾಣಂತಿ."

ಏಸಿಯ ಬೆನ್ನಿಗೂ ಹೊರಗಿನ ಗ್ರಿಲ್ಲಿಗೂ ನಡುವೆ ಪಾರಿವಾಳವೊಂದು ಗೂಡು ಕಟ್ಟಿ ಮರಿ ಮಾಡಿತ್ತಂತೆ. ಅತ್ತೆ ದಿನವೂ ಪಕ್ಕದ ಕಿಟಕಿಯಿಂದ ಅಕ್ಕಿ ಹಾಕಿ ಬಾಣಂತನ ಮಾಡುತ್ತಿದ್ದರಂತೆ. ಡಾಕ್ಟರು ಬಿಡಿಸಿ ಹೇಳಿದರು. ಹಿಕ್ಕೆ ಒಣಗಿ ಪುಡಿಯಾಗುತ್ತದೆ, ಅದರ ಜೊತೆ ರೆಕ್ಕೆಯ ಧೂಳು. ಅದೆಲ್ಲ ಏಸಿಯ ಸುತ್ತಲಿನ ಸಂದಿಗಳಿಂದ ಕೋಣೆಯೊಳಗೆ ಬಂದಿದೆ. ಅದು ಒಗ್ಗದೆ ಶ್ವಾಸಕೋಶ ಊದಿಕೊಂಡಿದೆ. ಹೀಗೇ ಬಿಟ್ಟರೆ ಗಟ್ಟಿಯಾಗಿ, ಮತ್ತೆ ಸರಿಹೋಗದು. ಗೂಡು ತೆಗೆಸಿ.

"ಬಾಣಂತಿಯನ್ನು ಹೊರಗೆ ಹಾಕುದಾ? ಮರಿಗೆ ರೆಕ್ಕೆ ಬರ್ಲಿ" ಎಂದರು ಅತ್ತೆ.

"ಅಷ್ಟರವರೆಗೆ ನಿಮ್ಮ ಉಸಿರು?" ಎಂದೆ.

"ಸ್ವಲ್ಪ ಕಮ್ಮಿ ಉಸಿರಾಡ್ತೇನೆ ಮಾರಾಯ್ತಿ."

ಅಷ್ಟು ಹೊತ್ತು ಹೆದರಿ ಹೆದರಿ ಸೋತಿದ್ದ ನನಗೆ ತಡೆಯಲಾಗಲಿಲ್ಲ. "ಪೂರ್ವಿ ಹುಟ್ಟಿದಾಗ ನನಗೂ ನೀವು ಇಷ್ಟು ಬಾಣಂತನ ಮಾಡ್ಲಿಲ್ಲ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಪಕ್ಕದ ಮಂಚದವರು ಎದ್ದು ಕೂತರು. ಅತ್ತೆ ನನ್ನನ್ನೇ ನೋಡಿದರು.

"ನಿಂಗೆ ನಿನ್ನ ಅಮ್ಮ ಇದ್ರು. ಅದಕ್ಕೆ ಯಾರಿದ್ದಾರೆ?"

ಮರುಕ್ಷಣ ಕೆಮ್ಮು ಬಂತು, ನಿಲ್ಲದ ಕೆಮ್ಮು. ನರ್ಸ್ ನನ್ನ ತೋಳು ಹಿಡಿದು ಹೊರಗೆ ಕಳಿಸಿದಳು. ನನ್ನ ಜಗಳವೇ ಅವರ ಪ್ರಾಣ ತೆಗೆಯಿತೇನೋ ಎಂದು ಬಾಗಿಲ ಗಾಜಿಗೆ ಮುಖ ಒತ್ತಿ ನಿಂತೆ. ಕೆಮ್ಮು ತಗ್ಗಿದ ಮೇಲೆ ಮೆಲ್ಲನೆ ಒಳಗೆ ಹೋದೆ. ಆಗ ನನ್ನ ಗಂಡ, ಮದುವೆಯಾದಂದಿನಿಂದ ಮೊದಲ ಸಲ, ಯಾರನ್ನೂ ಕೇಳದೆ ತೀರ್ಪು ಕೊಟ್ಟರು. "ಅಮ್ಮ ಡೊಂಬಿವಲಿಗೆ ಅಕ್ಕನ ಮನೆಗೆ ಹೋಗ್ಲಿ. ಮರಿ ಹಾರುವವರೆಗೆ ಪಾರಿವಾಳ ಇಲ್ಲೇ ಇರ್ಲಿ." ಅತ್ತೆ ದೂರವಿದ್ದರೆ ಸಾಕೆಂದು ಡಾಕ್ಟರೂ ಒಪ್ಪಿದರು.

ನಾವು ಆ ಕೋಣೆಯ ಸಂದಿಗಳಿಗೆಲ್ಲ ಟೇಪು ಹಚ್ಚಿ, ಬಾಗಿಲು ಮುಚ್ಚಿ, ಹಾಲಿನಲ್ಲಿ ಒಂದೇ ಫ್ಯಾನಿನಡಿ ಬೆವರುತ್ತಾ ಬಿದ್ದುಕೊಂಡೆವು. ಡೊಂಬಿವಲಿಯಿಂದ ದಿನವೂ ಫೋನು. ಮೊದಮೊದಲು ಅತ್ತೆ ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು. ಬರಬರುತ್ತಾ ಒಂದೇ ಉಸಿರಿನಲ್ಲಿ ನನ್ನನ್ನು ಬೈಯುವಷ್ಟಾದರು. ಕೇಳಿ ನನಗೆ ಕಣ್ಣು ತುಂಬಿತು. ಕೊನೆಗೆ ಮರಿಗಳು ಹಾರಿದವು. ಆಳುಗಳು ಬಂದು ನೀರು ಚಿಮುಕಿಸಿ ಗೂಡು ತೆಗೆದರು, ಏಸಿ ಬಿಚ್ಚಿ ತೊಳೆದರು, ಸಂದಿ ಮುಚ್ಚಿ ಹೊರಗೆ ಬಲೆ ಕಟ್ಟಿದರು. ಎದೆ ತಿಳಿಯಾಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅತ್ತೆ ಮನೆಗೆ ಬಂದರು. ಕಿಟಕಿಗೆ ಹೋಗಿ ಬಲೆಯಾಚೆ ಇಣುಕಿದರು.

"ಮಕ್ಕಳನ್ನು ಕರ್ಕೊಂಡೇ ಹೋದ್ಲಾ?"

"ಕರ್ಕೊಂಡೇ ಹೋದ್ಲು ಅತ್ತೆ."

ಇಷ್ಟೆಲ್ಲ ಆದ ಮೇಲೆ ಉಸಿರಿನ ವಿಷಯದಲ್ಲಿ ನಾನು ಪಂಡಿತಳಾದೆನೆಂದು ತಿಳಿದುಕೊಂಡೆ. ಮೊನ್ನೆ ಠಾಣೆಗೆ ಹೋಗುವ ಲೋಕಲ್ಲಿನಲ್ಲಿ ಪಕ್ಕದ ಸೀಟಿನ ಹೆಂಗಸು ಕೆಮ್ಮತೊಡಗಿದರು. ನಾನು ಇನ್ನಷ್ಟು ಹತ್ತಿರ ಸರಿದು, ಆ ಡಾಕ್ಟರರದ್ದೇ ಗಾಂಭೀರ್ಯದಿಂದ, "ಘರ್ ಮೇ ಕಬೂತರ್ ಹೈ ಕ್ಯಾ?" ಎಂದು ಕೇಳಿದೆ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಆಚೆ ಸರಿಯಲು ಕೈಸನ್ನೆ ಮಾಡುತ್ತಾ ಹೇಳಿದರು:

"ಕಬೂತರ್ ನಹೀ, ಆಪ್ ಕಾ ಸೆಂಟ್. ಥೋಡಾ ದೂರ್ ಬೈಠಿಯೇ."