ಇಕಾಮಾದಲ್ಲಿದ್ದ ವಿಜ್ಞಾನ

ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನ ಹೊಸ ಖಾಸಗಿ ವೈದ್ಯಕೀಯ ಕಾಲೇಜು ೨೦೧೪ರಲ್ಲಿ ಹೊರಡಿಸಿದ ಪ್ರಕಟಣೆಯಂತೆ, ವಿಜ್ಞಾನ ಓದದ ಪದವೀಧರರೂ ವೈದ್ಯರಾಗಲು ಅರ್ಹರು. ಕುಟುಂಬದಲ್ಲಿ ಎಲ್ಲಾದರೂ ಸ್ವಲ್ಪ ವಿಜ್ಞಾನ ಇರುವುದನ್ನು ದಾಖಲೆ ಸಮೇತ ತೋರಿಸಿದರೆ ಸಾಕು.

ಶಹಾನಾ ಓದಿದ್ದು ಇತಿಹಾಸದಲ್ಲಿ ಬಿ.ಎ. ಆದರೆ ಡಾಕ್ಟರಾಗಬೇಕೆಂಬ ಹಟದಲ್ಲಿ ಮೂರು ವರ್ಷದಿಂದ ಜೀವಶಾಸ್ತ್ರದ ಪುಸ್ತಕಗಳನ್ನು ಮನೆಯಲ್ಲೇ ಅರೆದು ಕುಡಿದಿದ್ದಳು. ತಂದೆ ಅಬ್ದುಲ್ಲ ಕುಂಞಿಯವರದು ಪೇಟೆಯಲ್ಲಿ ಚಹಾ-ಪರೋಟಾದ ಅಂಗಡಿ. ಅವರ ಇಕಾಮಾದಲ್ಲಿ, ಅಂದರೆ ಸರಕಾರ ಕೊಟ್ಟ ವಾಸದ ಪರವಾನಗಿಯಲ್ಲಿ ಮಾತ್ರ, ಉದ್ಯೋಗ ‘ಪಶುವೈದ್ಯ’ ಎಂದಿದೆ. ಬಂದ ವರ್ಷ ವೀಸಾ ಕೊಡಿಸುವ ಅರಬಿ ಧಣಿ ಕಫೀಲ್‌ನ ಕೈಯಲ್ಲಿ ಉಳಿದದ್ದು ಅದೊಂದೇ ವೀಸಾ. ಹೆಂಡತಿ-ಮಗಳನ್ನು ಕರೆಸಿಕೊಳ್ಳಲು ಆದದ್ದೂ ಆ ದೊಡ್ಡ ಉದ್ಯೋಗದ ಹೆಸರಿನ ದೆಸೆಯಿಂದಲೇ. ಇದರಲ್ಲಿ ವಿಶೇಷವೇನೂ ಇಲ್ಲ. ಅವರ ಅಂಗಡಿಯಲ್ಲಿ ಪರೋಟಾ ತಟ್ಟುವವನು ಇಕಾಮಾ ಪ್ರಕಾರ ಕ್ರೇನ್ ಚಾಲಕ.

ಪ್ರವೇಶ ವಿಭಾಗದ ಗುಮಾಸ್ತ, ಮಂಗಳೂರಿನ ಲ್ಯಾನ್ಸಿ, ಶಹಾನಾಳ ಅರ್ಜಿಗೆ ದಾಖಲೆಯಾಗಿ ಲಗತ್ತಿಸಿದ್ದ ತಂದೆಯ ಇಕಾಮಾ ನಂಬರನ್ನು ಕಂಪ್ಯೂಟರಿಗೆ ಹಾಕಿದ.

“ಸೀಟು ಸಿಕ್ಕಿತು!”

ಶಹಾನಾಳ ಕಣ್ಣು ತುಂಬಿತು.

“ನಿಮಗಲ್ಲ ಮಾರಾಯ್ರೆ. ಅಬ್ದುಲ್ಲಾಕನಿಗೆ.”

“ಎಂತ ಮಾರಾಯ, ನಾನು ಏಳನೇ ಕ್ಲಾಸು ಫೇಲು!” ಎಂದರು ಕುಂಞಿ.

“ಅದು ನೀವು ಬಾಯಲ್ಲಿ ಹೇಳುವುದು. ಇಕಾಮಾ ಸರಕಾರದ್ದು. ಮನೆಯ ವಿಜ್ಞಾನ ಪೂರಾ ನಿಮ್ಮ ಹತ್ತಿರ ಇರುವಾಗ ಸೀಟು ಅವರಿಗೆ ಹೇಗೆ ಕೊಡುವುದು?”

“ನನಗೆ ಬೇಡ.”

“ಬೇಡ ಅಂದ್ರೆ ನೀವು ಪಶುವೈದ್ಯ ಅಲ್ಲ ಅಂತಾಯ್ತು. ಆಮೇಲೆ ಮೂರು ಜನಕ್ಕೂ ಊರಿನ ಟಿಕೆಟು.”

ಕುಂಞಿಯವರು ಸಹಿ ಹಾಕಿದರು. ನಿಯಮಕ್ಕೆ ಭಂಗ ಬರಲಿಲ್ಲ.

ಮರುವಾರದಿಂದ ಅವರು ಬಿಳಿ ಕೋಟು ಹಾಕಿ ಕಾಲೇಜಿಗೆ ಹೊರಟರು. ಅಸರ್ ನಮಾಝಿನ ನಂತರ ಶಹಾನಾ ಅವರಿಗೆ ಪಾಠ ಹೇಳಿಕೊಟ್ಟಳು. ಮೊದಮೊದಲು ಅವಳಿಗೆ ಹೊಟ್ಟೆ ಉರಿಯುತ್ತಿತ್ತು, ಬಿಕ್ಕಿ ಅತ್ತದ್ದೂ ಉಂಟು. ಕ್ರಮೇಣ ಪುಸ್ತಕವಾದರೂ ಕೈಗೆ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡಳು. ಕುಂಞಿಯವರು ಮೊದಲ ವರ್ಷ ಪಾಸಾದರು. ಕಾಲೇಜು ಅವರ ಫೋಟೋವನ್ನು ‘ವಿಜ್ಞಾನೇತರರಿಗೂ ಅವಕಾಶ’ ಎಂಬ ಫಲಕದಲ್ಲಿ ಹಾಕಿತು.

ಒಂದು ಸಂಜೆ ಪಕ್ಕದ ಮನೆಯ ಮೈಮೂನಮ್ಮ ಮಂಡಿನೋವೆಂದು ಬಂದರು. ಕುಂಞಿ ಮಗಳ ಮುಖ ನೋಡಿದರು. ಅವಳು ಮಾತ್ರೆಯ ಹೆಸರು ಹೇಳಿದಳು. ಅವರು ಅದನ್ನೇ ಗಂಭೀರವಾಗಿ ಹೇಳಿದರು.

“ಇಷ್ಟೆಲ್ಲ ಗೊತ್ತುಂಟಲ್ಲ, ಇವಳನ್ನೂ ಡಾಕ್ಟರಿಕೆಗೆ ಸೇರಿಸಬಹುದಿತ್ತು,” ಎಂದರು ಮೈಮೂನಮ್ಮ.

“ಅವಳು ಬಿ.ಎ. ಅಲ್ವಾ,” ಕುಂಞಿ ಮರುಕದಿಂದ ತಲೆಯಾಡಿಸಿದರು. “ಸೈನ್ಸ್ ಇಲ್ಲದವರಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ.”

“ಹೌದು ಬಾಪ,” ಎಂದು ಶಹಾನಾ ಎರಡನೇ ವರ್ಷದ ಪುಸ್ತಕ ತೆರೆದಳು.