ಗಾಡಿ ಬರದ ದಾರಿ

ಪುಣೆಯ ವಿದ್ಯಾವತಿಬಾಯಿ ಫೋನಿನಲ್ಲಿ ಮಲ್ಲಿನಾಥನನ್ನು ಕೇಳಿದ್ದು ಒಂದೇ ಮಾತು.

"ಅಣ್ಣಾ, ನಿಮ್ಮ ಆ ದಾರ್ಯಾಗ ಗಾಡಿ ಅಡ್ಡಾಡ್ತಾವೇನು?"

"ಗಾಡಿ ಏನ್ರಿ ಬಾಯಿ, ಗಾಡಿ ಸಪ್ಪಳ ಸುದ್ದಾ ಬರೂದಿಲ್ಲ," ಎಂದುಬಿಟ್ಟ ಮಲ್ಲಿನಾಥ.

ಉಮದಿಯ ಬಸ್ ಸ್ಟ್ಯಾಂಡಿನ ಎದುರಿಗೇ ಅವನ ಹಿಟ್ಟಿನ ಗಿರಣಿ. ಹೊರಗೆ ಹಾರ್ನು, ಒಳಗೆ ಗಿರಣಿ. ಪಕ್ಕದಲ್ಲಿ ಕೂತವರೊಡನೆಯೂ ಆಚೆ ದಂಡೆಯಲ್ಲಿ ನಿಂತವರನ್ನು ಕರೆದಂತೆ ಮಾತಾಡುವುದು ಅವನಿಗೆ ರೂಢಿಯಾಗಿಹೋಗಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಈ ಜೀವಕ್ಕೆ ನೆಮ್ಮದಿ ಸಿಗುತ್ತಿದ್ದದ್ದು ಉಮದಿಯಿಂದ ದರಿಬಡಚಿಯ ಕಡೆ ಹೋಗುವ ಹಳೆಯ ಚಕ್ಕಡಿ ದಾರಿಯಲ್ಲಿ ಮಾತ್ರ. ಡಾಂಬರು ರಸ್ತೆಯಾದ ಮೇಲೆ ಆ ದಾರಿಯನ್ನು ಜನ ಮರೆತೇಬಿಟ್ಟಿದ್ದರು. ಎರಡೂ ಬದಿ ಜಾಲಿ, ಕೆಂಪು ಕಲ್ಲು, ಕಣ್ಣು ಹರಿದಷ್ಟು ದೂರ ಬೋಳು ಬಯಲು. ದಿನವೂ ಬೆಳಿಗ್ಗೆ ಅಲ್ಲಿ ಸೈಕಲ್ ಹೊಡೆದು ಬಂದರೆ ಅವನಿಗೆ ಇಡೀ ದಿನದ ಗದ್ದಲ ತಡೆದುಕೊಳ್ಳುವ ಶಕ್ತಿ ಬರುತ್ತಿತ್ತು. ಒಂದು ದಿನ ಸುಮ್ಮನಿರಲಾರದೆ ಆ ದಾರಿಯ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದ. ಅದು ಹೇಗೋ ವಿದ್ಯಾವತಿಬಾಯಿಯನ್ನು ಮುಟ್ಟಿತು.

ಬಾಯಿ ಸೈಕಲ್ ಪ್ರವಾಸದ ಸಂಘವೊಂದನ್ನು ನಡೆಸುವವರು. ಸೊಲ್ಲಾಪುರದಲ್ಲಿ ಬೆಳೆದವರಾದ್ದರಿಂದ ಕನ್ನಡ ಬರುತ್ತಿತ್ತು. ವಾಹನಗಳ ಕಾಟವಿಲ್ಲದ ದಾರಿಗಳನ್ನು ಹುಡುಕಿ ನಕಾಶೆಗೆ ಹಾಕುವುದು ಅವರ ಸಂಘದ ಕೆಲಸ. ರವಿವಾರ ಗೆಳತಿಯೊಬ್ಬಳೊಡನೆ ದರಿಬಡಚಿಯಿಂದ ಉಮದಿಯವರೆಗೆ ಸೈಕಲ್ ಹೊಡೆದು ನೋಡುತ್ತೇವೆ, ಮನಸ್ಸಿಗೆ ಬಂದರೆ ಮುಂದೆ ತಂಡತಂಡವಾಗಿ ಜನರನ್ನು ಕರೆತರುತ್ತೇವೆ, ಊಟದ ವ್ಯವಸ್ಥೆ ನೀವೇ ಮಾಡಬೇಕು ಎಂದರು.

ಸುದ್ದಿ ಕೇಳಿ ಮಲ್ಲಿನಾಥನ ಹೆಂಡತಿ ಮಲಕವ್ವನ ಕಣ್ಣು ಅರಳಿದವು.

"ಏನ್ರಿ, ಗಿರಣಿ ಮಾರಿಬಿಡೂಣು. ನಾ ಊಟದ ಮನಿ ನಡಸ್ತೀನಿ, ನೀವು ಸೈಕಲ್ ಮ್ಯಾಲ ಮಂದೀನ ಕರಕೊಂಡು ತಿರುಗ್ರಿ. ಇನ್ನ ಎಷ್ಟ ವರ್ಷ ಈ ಹಿಟ್ಟಿನ ಧೂಳ ಕುಡಿಯೂದು?"

ಗಿರಣಿ ಇಲ್ಲದ ಬದುಕು! ಅಂದಿನಿಂದ ಮಲ್ಲಿನಾಥನ ಚಡಪಡಿಕೆ ಇಮ್ಮಡಿಯಾಯಿತು. ಜೋಳ ಕೊಟ್ಟವರಿಗೆ ಗೋಧಿ ಹಿಟ್ಟು, ಗೋಧಿ ಕೊಟ್ಟವರಿಗೆ ಸಜ್ಜೆ ಹಿಟ್ಟು ಕಟ್ಟಿಕೊಟ್ಟು ಬೈಸಿಕೊಂಡ.

ರವಿವಾರ ನಸುಕಿನಲ್ಲೇ ಒಂದು ಚೀಲ ಸುಣ್ಣದ ಪುಡಿ ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಅತಿಥಿಗಳು ದಾರಿ ತಪ್ಪದಂತೆ ಅಲ್ಲಲ್ಲಿ ಬಾಣದ ಗುರುತು ಹಾಕುವ ಯೋಚನೆ. ಓಣಿಯ ತಿರುವಿನಲ್ಲಿ ಟೆಂಪೊ ಒರೆಸುತ್ತಿದ್ದ ಬಾದಶಹಾ ಅಡ್ಡ ಬಂದ.

"ಯಾಕ ಮಾಮಾ, ಮುಂಜಮುಂಜಾನಿ ಸುಣ್ಣ ಹೊತ್ಕೊಂಡು ಎಲ್ಲಿಗೆ?"

ಮಲ್ಲಿನಾಥ ಹೇಳಬಾರದಿತ್ತು. ಹೇಳಿದ, ಅದೂ ಗಿರಣಿಯ ದನಿಯಲ್ಲಿ. ಇಡೀ ಓಣಿಗೆ ಕೇಳಿಸಿತು.

"ಬಿಸಲಾಗ ಹೆಣ್ಣಮಕ್ಕಳು ಬರ್ತಾರ ಅಂತೀರಿ, ನೀರ ಬ್ಯಾಡೇನು?" ಎಂದ ಬಾದಶಹಾ. "ಟೆಂಪೊದಾಗ ಕ್ಯಾನ್ ಹೇರ್ಕೊಂಡು ಬರ್ತೀನಿ."

"ಬ್ಯಾಡೋ ಮಾರಾಯಾ! ಗಾಡಿ ಇರಬಾರದು ಅಂತನ ಅವರು ಬರಾಕತ್ತಿದ್ದು."

"ಇದ ಗಾಡಿ ಅಲ್ಲ ಮಾಮಾ, ನೀರು!"

ಅಷ್ಟರಲ್ಲಿ ಮಾಜಿ ಸರಪಂಚ ರೇವಪ್ಪ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಹೊರಗೆ ಬಂದ. ಅಧಿಕಾರ ಹೋದಾಗಿನಿಂದ ಊರ ಮರ್ಯಾದೆ ಎಲ್ಲಿ ಹೋಗುತ್ತದೋ ಎಂದು ಕಾಯುತ್ತ ಕೂತಿದ್ದ ಮನುಷ್ಯ.

"ಮಲ್ಲೂ, ಪುಣೆ ಮಂದಿ ಬರೂ ಹೊತ್ತಿಗೆ ಅಡ್ಡ ಗಾಡಿ ಬಂದ್ರ ಊರ ಮರ್ಯಾದಿ ಏನ ಉಳಿದೀತು? ಗಾಡಿ ತಡಿಯಾಕ ಮಂದಿ ಬೇಕಲ್ಲ?"

"ಕಾಕಾ, ಆ ದಾರ್ಯಾಗ ಗಾಡಿ ಬರೂದ ಇಲ್ಲ."

"ಇವತ್ತ ಬಂದ್ರ?"

ಮಲ್ಲಿನಾಥ ಸುಣ್ಣದ ಚೀಲ ಬಿಗಿದ. ಸೈಕಲ್ ಏರಿ ಓಡಿದ.

ದರಿಬಡಚಿಯ ಹೊರಗೆ ಡಾಂಬರು ರಸ್ತೆಯಿಂದ ಚಕ್ಕಡಿ ದಾರಿ ಒಡೆಯುವ ಜಾಗದವರೆಗೂ ಸುಣ್ಣದ ಬಾಣ ಹಾಕಿ, ಬೆವರು ಒರೆಸಿಕೊಂಡು ಹಿಂದಿರುಗುತ್ತಿದ್ದಾಗ ದೂರದಲ್ಲಿ ಧೂಳೆದ್ದದ್ದು ಕಾಣಿಸಿತು. ಕುರಿ ಹಿಂಡಿರಬೇಕು ಎಂದುಕೊಂಡ. ಕುರಿಗಳು ಹಾರ್ನ್ ಹೊಡೆದವು.

ಎಲ್ಲರಿಗಿಂತ ಮುಂದೆ ರೇವಪ್ಪನ ಜೀಪು. ಅದರ ತಲೆಯ ಮೇಲೆ ಚುನಾವಣೆಯ ಕಾಲದ ಮೈಕಿನ ಭೋಂಗಾ. "ಸಮಸ್ತ ವಾಹನ ಚಾಲಕರಲ್ಲಿ ಕಳಕಳಿಯ ವಿನಂತಿ! ಇದು ಶಾಂತ ದಾರಿ! ಯಾರೂ ಗಾಡಿ ತರಬಾರದು! ಸಪ್ಪಳ ಮಾಡಬಾರದು!" ಜನ ಕಿವಿಗೊಡಲಿ ಎಂದು ಡ್ರೈವರ್ ನಡುನಡುವೆ ಹಾರ್ನ್ ಒತ್ತುತ್ತಿದ್ದ. ಜೀಪಿನ ಹಿಂದೆ ಬಾದಶಹಾನ ಟೆಂಪೊ. ಟೆಂಪೊದ ಹಿಂದೆ ಗಾಡಿ ತಡೆಯಲು ಬಂದ ಟಂಟಂ ಆಟೋಗಳು, ಟಂಟಂಗಳನ್ನು ನೋಡಲು ಬಂದ ಮೋಟರ್ ಸೈಕಲ್‌ಗಳು.

"ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಾ ಗಾಡಿ ಹೊಳ್ಳಿಸ್ರಿ!" ಮಲ್ಲಿನಾಥ ಕೈಮುಗಿದ.

"ಹೊಳ್ಳಿಸಿದ್ರ ಬರೂ ಗಾಡಿ ತಡಿಯಾವ್ರು ಯಾರು?" ಎಂದು ರೇವಪ್ಪ ಗದರಿದ. "ಧೂಳ ಭಾಳ ಐತಿ. ಹೆಣ್ಣಮಕ್ಕಳ ಮೂಗಿಗೆ ಹೋದೀತು. ಅದಕ್ಕೂ ವ್ಯವಸ್ಥಾ ಮಾಡೀನಿ."

ಆ ವ್ಯವಸ್ಥೆ ಹಿಂದೆಯೇ ಬರುತ್ತಿತ್ತು. ಊರಿನ ರೈತ ಬೀರು ತನ್ನ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿಕೊಂಡು, ಹಬ್ಬಕ್ಕೆ ಅಂಗಳಕ್ಕೆ ನೀರು ಹೊಡೆಯುವ ಹುರುಪಿನಲ್ಲಿ ದಾರಿಯುದ್ದಕ್ಕೂ ಸುರಿಯುತ್ತ ಬಂದ. ಮಲ್ಲಿನಾಥ ಹಾಕಿದ್ದ ಬಾಣಗಳೆಲ್ಲ ಬಿಳಿ ನೀರಾಗಿ ಜಾಲಿಯ ಬುಡಕ್ಕೆ ಹರಿದವು. ಬೀರು ಅಲ್ಲಿಗೇ ನಿಲ್ಲದೆ ದರಿಬಡಚಿಯ ಕವಲಿನವರೆಗೂ ಹೋಗಿ, ಅಲ್ಲಿನ ಕೊನೆಯ ಬಾಣವನ್ನೂ ತೊಳೆದು ಬಂದ.

ಧೂಳು ಅಡಗಿ ರಾಡಿ ಎದ್ದಿತು. ಆ ರಾಡಿಯಲ್ಲಿ ಬಾದಶಹಾನ ಟೆಂಪೊ ಸಿಕ್ಕಿಬಿತ್ತು. ಅದನ್ನು ಎಳೆಯಲು ಹೋದ ಜೀಪು ಅದರ ಪಕ್ಕದಲ್ಲೇ ಕೂತಿತು. ಎರಡನ್ನೂ ಎಳೆಯಲು ಊರಿನಿಂದ ಇನ್ನಷ್ಟು ಟ್ರ್ಯಾಕ್ಟರ್‌ಗಳು ಬಂದವು. ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಪ್ರಯಾಣಿಕರು ಬಸ್ಸಿಳಿದು ಆ ಟ್ರ್ಯಾಕ್ಟರ್‌ಗಳನ್ನೇ ಹತ್ತಿ ಇತ್ತ ನೋಡಲು ಬಂದರು. ಪ್ರಯಾಣಿಕರನ್ನು ಕರೆದೊಯ್ಯಲು ಕಂಡಕ್ಟರ್ ಬಂದ. ಅವನೂ ನೋಡುತ್ತ ನಿಂತ.

ಮಲ್ಲಿನಾಥ ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡಿದ, ಬೇಡಿದ, ಬೈದ. ಅವನ ಗಿರಣಿಯ ದನಿಯೂ ಆ ಗದ್ದಲದಲ್ಲಿ ಸೊಳ್ಳೆಯ ಗುಂಯ್ ಆಗಿತ್ತು. ಬಾಯಿಗೆ ಫೋನ್ ಮಾಡಿದ, ಎತ್ತಲಿಲ್ಲ. ಈಗ ಬಂದರು, ಈಗ ಬಂದರು ಎಂದು ದರಿಬಡಚಿಯ ಕಡೆಗೇ ನೋಡಿದ. ಅವರ ಎರಡೂ ಸೈಕಲ್ ಪಂಕ್ಚರ್ ಆಗಲಪ್ಪಾ ಎಂದು ದೇವರಿಗೆ ಹರಕೆ ಹೊತ್ತ. ಕಣ್ಣ ಮುಂದೆ ಗಿರಣಿಯ ಪಟ್ಟಿ ಗರಗರ ತಿರುಗುತ್ತಿತ್ತು.

ಆಗ ಫೋನ್ ಬಂತು. ಮಲಕವ್ವ.

"ಎಲ್ಲಿದ್ದೀರಿ? ಬಾಯಿಯವ್ರು ಬಂದು ಕುಂತಾರ. ಚಾ ಕುಡಿಯಾಕತ್ತಾರ. ಲಗೂನ ಬರ್ರಿ!"

ಮಲ್ಲಿನಾಥ ಮೊಣಕಾಲವರೆಗಿನ ರಾಡಿಯೊಂದಿಗೆ ಮನೆ ಮುಟ್ಟಿದಾಗ ವಿದ್ಯಾವತಿಬಾಯಿ ಮತ್ತು ಗೆಳತಿ ಪಡಸಾಲೆಯಲ್ಲಿ ಕೂತು ಶೇಂಗಾ ಚಟ್ನಿಯೊಂದಿಗೆ ರೊಟ್ಟಿ ಮುರಿಯುತ್ತಿದ್ದರು. ಹಿಂದೆಯೇ ಬಾದಶಹಾ, ರೇವಪ್ಪ ಬಂದು ಬಾಗಿಲಲ್ಲಿ ನಿಂತರು.

"ಬಾಯಿ, ತಪ್ಪ ಆತು..." ಎಂದು ಮಲ್ಲಿನಾಥ ಶುರು ಮಾಡಿದ.

"ತಪ್ಪ? ಅಣ್ಣಾ, ಇಂಥಾ ದಾರಿ ನಾ ಎಲ್ಲೂ ನೋಡಿಲ್ಲ!" ಬಾಯಿಯ ಮುಖ ಬೆಳಗುತ್ತಿತ್ತು. "ಒಂದ ಗಾಡಿ ಇಲ್ಲ, ಒಂದ ನರಪಿಳ್ಳಿ ಇಲ್ಲ. ಮತ್ತ ಎಂಥಾ ನುಣ್ಣನ್ನ ಡಾಂಬರ!"

"ಡಾಂಬರ?"

"ಹೌದಲ್ಲ. ಫೋಟೋದಾಗ ಮಣ್ಣಿನ ದಾರಿ ಇತ್ತು, ಈಗ ಡಾಂಬರ ಮಾಡ್ಯಾರ ಅಂದ್ಕೊಂಡೆ. ದರಿಬಡಚಿ ಹೊರಗ ದಾರಿ ಒಡೀತಾವಲ್ಲ, ಅಲ್ಲಿ ಒಂದೀಟ ಗೊಂದಲ ಆತು. ಒಂದ ಕಡೆ ದೂರದಾಗ ನೋಡಿದ್ರ ಟ್ರ್ಯಾಕ್ಟರ, ಟೆಂಪೊ, ಭೋಂಗಾ... ಯಪ್ಪಾ! ಅದ ದೊಡ್ಡ ರಸ್ತಾ ಅಂತ ಇಕಿ ಗುರ್ತ ಹಿಡಿದ್ಲು. ಇನ್ನೊಂದ ಕಡೆ ಹೊಳ್ಳಿದ್ವಿ. ಅಣ್ಣಾ, ನಾವು ಹಾಡಕೋತ ಬಂದ್ವಿ. ಅಲ್ಲೇ ನಿಂತು ನಕಾಶಿಗೂ ಹಾಕೇಬಿಟ್ಟೆ. ಬರೂ ರವಿವಾರ ದೊಡ್ಡ ದಂಡ ಬರ್ತದ. ಚಳಿಗಾಲ ಮುಗಿಯೂತನಕ ದಿನಾ ಯಾರರೆ ಬರ್ತಾರ."

ಮಲ್ಲಿನಾಥ ಬಾಯಿ ತೆರೆದ. "ಬಾಯಿ, ಖರೇ ಹೇಳಬೇಕಂದ್ರ ಆ ರಸ್ತಾ..."

"ಅವರಿಗೆ ಇನ್ನೊಂದ ರೊಟ್ಟಿ ನೀಡ್ರಿ ಮೊದಲ!" ಮಲಕವ್ವ ಒಳಗಿನಿಂದ ಬಂದು ಬುಟ್ಟಿಯನ್ನು ಅವನ ಎದೆಗೆ ಒತ್ತಿದಳು. ಅವಳ ಕಣ್ಣಲ್ಲಿ ಗಿರಣಿ ಆಗಲೇ ಮಾರಿಹೋಗಿತ್ತು.

ಅತಿಥಿಗಳು ಹೋದ ಮೇಲೆ ಮಲ್ಲಿನಾಥ ಕಟ್ಟೆಯ ಮೇಲೆ ಕುಸಿದು ಕೂತ. "ಕಾಕಾ, ಆ ಡಾಂಬರ ರಸ್ತಾದಾಗ ದಿನಾ ಗಾಡಿ ಇಲ್ಲದಂಗ ಹೆಂಗ ಮಾಡೂದು?"

"ಅದರಾಗೇನೈತೋ ಹುಚ್ಚಾ!" ರೇವಪ್ಪ ಮೀಸೆ ತೀಡಿದ. "ಇವತ್ತ ಮಾಡಿದಂಗ ಮಾಡೂದು. ಎಲ್ಲಾ ಗಾಡಿ ನಿನ್ನ ಚಕ್ಕಡಿ ದಾರಿಗೆ ಹೊಳ್ಳಿಸೂದು. ನಾ ಅದೀನಿ!"

ರೇವಪ್ಪ ಮಾತಿಗೆ ತಪ್ಪುವವನಲ್ಲ. ಎರಡೇ ದಿನದಲ್ಲಿ ಚಕ್ಕಡಿ ದಾರಿಗೆ ಗರಸು ಮಣ್ಣು ಬಿತ್ತು, ಜಾಲಿ ಕಡಿದದ್ದಾಯಿತು. ದಾರಿ ಚಲೋ ಆಗಿದೆ ಎಂಬ ಸುದ್ದಿ ಸುತ್ತಲಿನ ಹಳ್ಳಿಗಳಿಗೂ ಹಬ್ಬಿತು.

ರವಿವಾರ ಬೆಳಿಗ್ಗೆ ದಂಡು ಬರುವ ಮೊದಲು ಒಂದಿಷ್ಟು ಗಾಳಿ ತಿಂದು ಬರೋಣವೆಂದು ಮಲ್ಲಿನಾಥ ಸೈಕಲ್ ಹತ್ತಿ ತನ್ನ ದಾರಿಗೆ ಇಳಿದ. ನಾಲ್ಕು ಪೆಡಲ್ ತುಳಿಯುವುದರೊಳಗೆ ಬೆನ್ನ ಹಿಂದೆ ಕಿವಿ ಕಿತ್ತುಹೋಗುವಂಥ ಹಾರ್ನ್ ಮೊಳಗಿತು. ಬೆಚ್ಚಿ ತಿರುಗಿದರೆ ಬಸ್ಸು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಏ ಅಣ್ಣಾ, ಕಣ್ಣ ಕಾಣೂದಿಲ್ಲೇನು? ಗಾಡಿ ಅಡ್ಡಾಡೂ ರಸ್ತಾ ಇದು. ಸೈಕಲ್ ಹೊಡೆಯೂದಿದ್ರ ಆ ಕಡೆ ಡಾಂಬರಕ್ಕ ಹೋಗ್ರಿ!"